ಇಲ್ಲದ ಕಿರಣಕ್ಕೊಂದು ಬಿಡುವು

ಮೇಜಿನ ಕೆಳಗೆ ಮಂಡಿಯೂರಿ ತಂತಿಗಳ ಸಿಕ್ಕು ಬಿಡಿಸುತ್ತಿದ್ದವನಿಗೆ ಅಡುಗೆಮನೆಯಿಂದ ಹೆಂಡತಿಯ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ತಂಗಿಯ ಜೊತೆ ಫೋನಿನಲ್ಲಿದ್ದಳು. ಮಧ್ಯಾಹ್ನ ಊಟಕ್ಕೇ ಬಂದುಬಿಡು, ನಿನ್ನ ಲ್ಯಾಪ್‌ಟಾಪ್ ಮರೆಯಬೇಡ, ಫೋಟೋಗಳನ್ನೆಲ್ಲ ನಿನ್ನ ಭಾವ ಅದಕ್ಕೆ ತುಂಬಿ ಕೊಡುತ್ತಾರೆ, ಬೆಳಿಗ್ಗೆಯಿಂದ ಅದೇ ಕೆಲಸದ ಮೇಲಿದ್ದಾರೆ ಎಂದು ಹೇಳುತ್ತಿದ್ದಳು. ವರ್ಷಗಟ್ಟಲೆ ಮಾಡಿಕೊಂಡು ಬಂದ ಕೆಲಸವನ್ನು ಇವತ್ತು ತಂಗಿಗೆ ಒಪ್ಪಿಸಿಬಿಡುವ ಹೆಂಗಸಿನ ದನಿ ಹೀಗಿರಬಾರದು ಎಂದು ಅವನಿಗೆ ಅನ್ನಿಸಿತು. ಅದರಲ್ಲಿ ದುಃಖವಿರಲಿಲ್ಲ, ಸಿಟ್ಟಿರಲಿಲ್ಲ. ಬಳಸದೆ ಬಿದ್ದಿದ್ದ ಪಾತ್ರೆಯೊಂದನ್ನು ಯಾರಿಗಾದರೂ ಕೊಟ್ಟುಬಿಡುವಾಗಿನ ಹಗುರ ಇತ್ತು. ಅತ್ತಿದ್ದರೆ ಎಷ್ಟೋ ವಾಸಿ. ಸಮಾಧಾನ ಹೇಳುವುದರಲ್ಲಿ ಅವನದು ಎತ್ತಿದ ಕೈ. ಸಮಾಧಾನ ಬೇಡದವರ ಎದುರು ಏನು ಮಾಡಬೇಕೆಂಬುದನ್ನು ಮಾತ್ರ ಅವನು ಕಲಿತಿರಲಿಲ್ಲ, ಆದ್ದರಿಂದ ಮೇಜಿನ ಕೆಳಗಿನ ಧೂಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಅವಳ ಕೆಲಸ ಹಳೆಯ ಫೋಟೋಗಳನ್ನು ಶುದ್ಧ ಮಾಡುವುದು. ಪೇಟೆಯ ಸ್ಟುಡಿಯೋದವನು ಜನ ತಂದುಕೊಟ್ಟ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಕಳಿಸುತ್ತಿದ್ದ: ಬೂಷ್ಟು ಹಿಡಿದವು, ಮಡಿಚಿದ ಕಡೆ ಬಿರುಕು ಬಿಟ್ಟವು, ಗಾಜಿಗೆ ಅಂಟಿಕೊಂಡು ಅರ್ಧ ಮುಖ ಕಿತ್ತು ಬಂದವು. ಅವಳು ಈ ಮೂಲೆಯ ಮೇಜಿಗೆ ಕೂತು, ಪರದೆಯ ಮೇಲೆ ಮುಖವನ್ನು ಹಿಗ್ಗಿಸಿ, ಬೂಷ್ಟಿನ ಒಂದೊಂದೇ ಚುಕ್ಕೆಯನ್ನು ಒರೆಸುತ್ತಿದ್ದಳು. ಯಾವುದು ಬೂಷ್ಟು, ಯಾವುದು ಮಚ್ಚೆ, ಯಾವುದು ಕಾಗದದ ಗೀರು, ಯಾವುದು ಹಣೆಯ ಗೆರೆ ಎಂದು ಹೇಳುವುದರಲ್ಲಿ ಅವಳು ತಪ್ಪಿದ್ದೇ ಇಲ್ಲ ಎಂದು ಸ್ಟುಡಿಯೋದವನೇ ಊರಿಡೀ ಹೇಳಿಕೊಂಡು ಬರುತ್ತಿದ್ದ. ಕಳೆದ ವರ್ಷದಿಂದೀಚೆಗೆ ತಪ್ಪತೊಡಗಿದಳು. ಮೊದಲು ಅಂಚುಗಳು ಕಲಸಿಹೋಗಿವೆ ಎಂದು ಸ್ಟುಡಿಯೋದವನೇ ಒಂದೆರಡು ಚಿತ್ರ ವಾಪಸು ಕಳಿಸಿದ. ಆಮೇಲೆ ಅಜ್ಜಿಯ ಮಚ್ಚೆಯ ಪ್ರಕರಣ. ಒಬ್ಬ ಬಸ್ ಚಾಲಕ ತೀರಿಹೋದ ಅಜ್ಜಿಯ ಇದ್ದೊಂದು ಚಿತ್ರವನ್ನು ಶುದ್ಧ ಮಾಡಿಸಿ, ಕಟ್ಟು ಹಾಕಿಸಿಕೊಂಡು ಹೋದವನು ಮಾರನೆಯ ದಿನ ಅದನ್ನು ತಿರುಗಿ ತಂದು ಕೌಂಟರಿನ ಮೇಲಿಟ್ಟು, ಇದು ನಮ್ಮಜ್ಜಿ ಅಲ್ಲ ಎಂದನಂತೆ. ಮೂಗಿನ ಪಕ್ಕದ ದೊಡ್ಡ ಮಚ್ಚೆ ಮಾಯವಾಗಿತ್ತು. ಮಗುವಾಗಿದ್ದಾಗ ಅವನು ಅಜ್ಜಿಯ ತೊಡೆಯ ಮೇಲೆ ಕೂತು ಅದನ್ನೇ ಹಿಡಿದು ಎಳೆಯುತ್ತಿದ್ದನಂತೆ. ಸ್ಟುಡಿಯೋದವನು ಇದನ್ನು ನಗುತ್ತಲೇ ಹೇಳಿದ್ದ. ಅವಳು ಅವತ್ತು ಊಟ ಮಾಡಲಿಲ್ಲ, ಕೆಲವು ದಿನ ಕಳೆದು ಕೆಲಸ ಬಿಡುವ ಮಾತೆತ್ತಿದಳು.

ಆಗ ಅವನು ಗಂಡನಾದವನು ಮಾಡಬೇಕಾದ್ದನ್ನೆಲ್ಲ ಮಾಡಿದ್ದ. ಅಂದರೆ ಉಪನ್ಯಾಸ ಕೊಟ್ಟಿದ್ದ. ಕಣ್ಣಿನೊಳಗಿನ ಮಸೂರ ವಯಸ್ಸಾದಂತೆ ಹೇಗೆ ಬಿಗಿಯಾಗುತ್ತದೆ, ಅದನ್ನು ಎಳೆಯುವ ಸ್ನಾಯು ಹೇಗೆ ಸೋಲುತ್ತದೆ, ನಲವತ್ತು ದಾಟಿದ ಮೇಲೆ ರಾಜನಿಗೂ ಇದು ತಪ್ಪಿದ್ದಲ್ಲ ಎಂದು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ್ದ. ಅವಳು ಅಕ್ಷರಗಳ ಸುತ್ತ ಏನೋ ನೆರಳು ಕಟ್ಟಿದ ಹಾಗೆ ಕಾಣುತ್ತದೆ ಎಂದಾಗ, ಅದೇ ಅದು, ಪುಸ್ತಕದಲ್ಲಿ ಹಾಗೇ ಬರೆದಿದ್ದಾರೆ ಎಂದು ಖುಷಿಪಟ್ಟಿದ್ದ. ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದವನೂ ಅವನೇ. ಆ ಕತ್ತಲೆಕೋಣೆಯಲ್ಲಿ ಅವಳು ಗೋಡೆಯ ಮೇಲಿನ ಕೊನೆಯ ಸಾಲಿನವರೆಗೂ ತಡವರಿಸದೆ ಓದಿದಳು. ಡಾಕ್ಟರರು ಹುಬ್ಬೇರಿಸಿ, ದೊಡ್ಡ ದೋಷವೇನೂ ಕಾಣುವುದಿಲ್ಲ, ಆದರೂ ಕಂಪ್ಯೂಟರಿನ ಮುಂದೆ ಕೂರುವವರು ಎನ್ನುತ್ತೀರಿ ಎಂದು, ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬಂತೆ, ಒಂದು ಸಣ್ಣ ನಂಬರಿನ ಕನ್ನಡಕ ಬರೆದುಕೊಟ್ಟರು. ಹೊಂದಿಕೊಳ್ಳಲು ಸ್ವಲ್ಪ ಕಾಲ ಬೇಕು ಎಂದರು. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅವಳು, ಗೋಡೆ ಮೇಲಿಂದು ಚೆನ್ನಾಗೇ ಕಾಣ್ತಿತ್ತಲ್ಲ ಎಂದು ತನ್ನಷ್ಟಕ್ಕೆ ಅಂದುಕೊಂಡಿದ್ದಳು. ಗೋಡೆಯ ಅಕ್ಷರ ಬೇರೆ, ಪರದೆಯ ಅಕ್ಷರ ಬೇರೆ ಎಂದು ಅವನು ತಿದ್ದಿದ್ದ. ಆ ಮಾತಿನಲ್ಲಿದ್ದ ಸತ್ಯ ಎಷ್ಟು ದೊಡ್ಡದೆಂದು ಹೇಳಿದವನಿಗೇ ಗೊತ್ತಿರಲಿಲ್ಲ.

ಇವತ್ತಿನ ಕೆಲಸ ಸುಲಭದ್ದು. ಅವಳ ಕಂಪ್ಯೂಟರಿನಲ್ಲಿದ್ದ ಚಿತ್ರಗಳನ್ನೆಲ್ಲ ತೆಗೆದು ನಾದಿನಿಯ ಲ್ಯಾಪ್‌ಟಾಪಿಗೆ ಹಾಕುವುದು. ಆ ಯಂತ್ರವನ್ನು ನಡೆಸುತ್ತಿದ್ದದ್ದು ಅವನು ಕಾಲೇಜಿನ ಕಾಲದಿಂದ ನೆಚ್ಚಿಕೊಂಡ ವ್ಯವಸ್ಥೆ. ಯೂನಿಕ್ಸ್ ವಂಶದ್ದು, ಪುಕ್ಕಟೆ ಸಿಗುವಂಥದ್ದು, ತಾನಾಗಿ ಏನನ್ನೂ ಮಾಡದೆ ಎಲ್ಲದಕ್ಕೂ ಒಡೆಯನ ಅಪ್ಪಣೆ ಕೇಳುವಂಥದ್ದು ಎಂದು ಅವನು ಹೊಗಳುತ್ತಿದ್ದ. ಕಚೇರಿಯಲ್ಲಿ ಅಪ್ಪಣೆ ಕೇಳುವವರು ಯಾರೂ ಉಳಿದಿರಲಿಲ್ಲ. ನೀರು ಸರಬರಾಜಿನ ಆ ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ಅವನು ಸೇರಿದಾಗ ಒಂದೊಂದು ಯಂತ್ರವನ್ನೂ ಕೈಯಾರೆ ಹೊಂದಿಸಬೇಕಿತ್ತು. ಈಗ ಎಲ್ಲವೂ ಮುಖ್ಯ ಕಚೇರಿಯಿಂದ ತಾನಾಗಿ ಬಂದು ಕೂರುತ್ತಿತ್ತು. ಪ್ರಿಂಟರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುವುದು ಮಾತ್ರ ಇನ್ನೂ ತಾನಾಗಿ ಆಗುತ್ತಿರಲಿಲ್ಲ, ಅದು ಅವನ ಪಾಲಿಗೆ ಉಳಿದಿತ್ತು. ಹೊಸ ಹುಡುಗಿಯರು ಅವನನ್ನು ಮೂಲಪುರುಷ ಎಂದು ಕರೆಯುತ್ತಿದ್ದರು. ಮೊದಲ ಸಲ ಕಿವಿಗೆ ಬಿದ್ದಾಗ ಅವನು ಅದನ್ನು ಗೌರವ ಎಂದೇ ತಿಳಿದು, ಮನೆಗೆ ಬಂದು ಹೆಂಡತಿಗೆ ಹೇಳಿದ್ದ. ಅವಳೂ ಹಾಗೇ ತಿಳಿದಳು. ಅಥವಾ ತಿಳಿದಂತೆ ತೋರಿಸಿಕೊಂಡಳು.

ಆ ಕಾಲದಲ್ಲಿ ಪರದೆ ಎಂದರೆ ಗಾಜಿನ ಕೊಳವೆ, ಒಬ್ಬನೇ ಎತ್ತಲಾಗದ ಭಾರ. ಅದರ ಹಿಂದಿನಿಂದ ಒಂದು ಕಿರಣ ಬಂದು ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು, ಮತ್ತೆ ಎಡಕ್ಕೆ ಮರಳಿ, ಕೆಳಗಿನ ಗೆರೆ ಎಳೆಯುತ್ತಿತ್ತು. ಮರಳುವಾಗ ಅದು ಯಾರಿಗೂ ಕಾಣಬಾರದು. ಅದಕ್ಕಾಗಿ ಪ್ರತಿ ಗೆರೆಯ ಆಚೆಗೂ ಈಚೆಗೂ ಕತ್ತಲೆಯ ಒಂದಿಷ್ಟು ಜಾಗ ಬಿಡಬೇಕಾಗಿತ್ತು. ಆ ಜಾಗಗಳಿಗೆ ಇಂಗ್ಲಿಷಿನಲ್ಲಿ ಪೋರ್ಚ್, ಅಂದರೆ ಜಗಲಿ ಎಂದೇ ಹೆಸರು, ಮುಂಜಗಲಿ, ಹಿಂಜಗಲಿ. ಎಷ್ಟು ಅಗಲದ ಜಗಲಿ, ಕಿರಣಕ್ಕೆ ಎಷ್ಟು ಬಿಡುವು, ಸೆಕೆಂಡಿಗೆ ಎಷ್ಟು ಸಲ ಇಡೀ ಚಿತ್ರ ಬರೆಯಬೇಕು, ಇದೆಲ್ಲವನ್ನೂ ಲೆಕ್ಕ ಹಾಕಿ ಒಂದೇ ಸಾಲಿನಲ್ಲಿ ಅಂಕಿಗಳಾಗಿ ಬರೆದು ಯಂತ್ರಕ್ಕೆ ಕೊಡಬೇಕು. ತಪ್ಪಿದರೆ ಕೊಳವೆ ಕೀರಲು ದನಿಯಲ್ಲಿ ಕಿರುಚುತ್ತಿತ್ತು, ಸುಟ್ಟೇಹೋಗುತ್ತದೆ ಎಂದೂ ಹೆದರಿಸುತ್ತಿದ್ದರು. ಆ ಸಾಲನ್ನು ಪುಸ್ತಕ ನೋಡದೆ ಬರೆಯಬಲ್ಲವನು ಇಡೀ ಕಚೇರಿಗೆ ಅವನೊಬ್ಬನೇ. ದೊಡ್ಡ ಅಧಿಕಾರಿಯೇ ಒಮ್ಮೆ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟಿದ್ದರು. ಸೆಕೆಂಡಿಗೆ ಅರವತ್ತು ಸಲ ಬರೆದರೆ ಕೊಳವೆ ಮಿಣಮಿಣ ಎಂದು ತಲೆನೋವು ಬರುತ್ತಿತ್ತು. ಎಪ್ಪತ್ತೈದಕ್ಕೆ ಏರಿಸಿದರೆ ಚಿತ್ರ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಲ್ಲುತ್ತಿತ್ತು. ಅವನು ಏರಿಸಿದ. ಅಧಿಕಾರಿಯ ತಲೆನೋವು ಹೋಯಿತು. ಅವತ್ತಿನಿಂದ ಎಪ್ಪತ್ತೈದು ಅವನ ಪಾಲಿಗೆ ಒಂದು ಸಂಖ್ಯೆಯಾಗಿ ಉಳಿಯದೆ ನಂಬಿಕೆಯಾಯಿತು. ಕಳೆದ ವರ್ಷ ಹೆಂಡತಿಗೆಂದು ಚಪ್ಪಟೆ ಪರದೆ ತಂದಾಗ, ಹಳೆಯದು ಸತ್ತಿದ್ದಕ್ಕೆ ಅವಳು ಬೇಸರ ಮಾಡಿಕೊಳ್ಳುತ್ತಿದ್ದರೆ, ಅವನು ಒಳಗೊಳಗೇ ಹಿಗ್ಗುತ್ತ ಅಂಕಿ ಬರೆಯಲು ಕೂತಿದ್ದ.

ಚಪ್ಪಟೆ ಪರದೆಯಲ್ಲಿ ಕೊಳವೆಯಿಲ್ಲ, ಕಿರಣವಿಲ್ಲ, ಮಿಣುಕುವುದೂ ಇಲ್ಲ. ಅಷ್ಟೇ ಅಲ್ಲ, ತಂತಿ ಚುಚ್ಚಿದ ಕೂಡಲೇ ಅದು ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತದೆ: ನಾನು ಇಷ್ಟಗಲ, ಇಷ್ಟೆತ್ತರ, ಸೆಕೆಂಡಿಗೆ ಅರವತ್ತು ಸಲ ಸಾಕು. ಯಂತ್ರ ಅದನ್ನು ಕೇಳಿಕೊಂಡು ಹಾಗೇ ನಡೆಯುತ್ತದೆ. ಇದೆಲ್ಲ ಅವನಿಗೆ ಗೊತ್ತಿಲ್ಲದೆ ಏನೂ ಇರಲಿಲ್ಲ. ಆದರೆ ಗೊತ್ತಿರುವುದು ಬೇರೆ, ಒಪ್ಪುವುದು ಬೇರೆ. ಪರದೆ ಕಳಿಸುವ ಅಂಕಿಗಳಲ್ಲಿ ಇವತ್ತಿಗೂ ಜಗಲಿಗಳ ಲೆಕ್ಕ ಇರುವುದನ್ನು ಕಂಡು, ಇಲ್ಲದ ಕಿರಣಕ್ಕೂ ಬಿಡುವು ಕೊಡುವಷ್ಟು ಸಂಪ್ರದಾಯಸ್ಥ ಪ್ರಪಂಚ ಇದು, ತನ್ನಂಥವರ ವಿದ್ಯೆಗೆ ಸಾವಿಲ್ಲ ಎಂದು ಅವನು ಮೀಸೆ ತಿರುವಿದ. ಪರದೆಯ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ ಎಂದು ಯಂತ್ರಕ್ಕೆ ಮೊದಲು ಆಜ್ಞೆ ಕೊಟ್ಟ. ಪೂರ್ತಿ ಅಳತೆಯಲ್ಲಿ ಎಪ್ಪತ್ತೈದು ಸಲ ಬದಲಿಸಲು ಆ ಪರದೆಗೆ ಶಕ್ತಿಯಿರಲಿಲ್ಲ, ಹಾಗಾಗಿ ಚಿತ್ರದ ಅಳತೆಯನ್ನೇ ಇಳಿಸಿದ. ಪರದೆ ಮರ್ಯಾದಸ್ಥ, ಇದು ನನ್ನ ಅಳತೆಯಲ್ಲ ಎಂದು ಜಗಳ ತೆಗೆಯಲಿಲ್ಲ. ಕೊಟ್ಟ ಚಿಕ್ಕ ಚಿತ್ರವನ್ನೇ ಹಿಂಜಿ ಎಳೆದು ಮೈತುಂಬ ಹೊದ್ದುಕೊಂಡಿತು. ಒಂದು ಚುಕ್ಕೆ ಎರಡು ಚುಕ್ಕೆಗಳ ನಡುವೆ ಹಂಚಿಹೋಯಿತು. ಗೆರೆಗಳ ಅಂಚಿಗೆ ನೆರಳು ಕಟ್ಟಿತು. ಮುಖಗಳು ಕೊಂಚ ಅಗಲವಾದವು, ಆದರೆ ಸತ್ತವರು ದಪ್ಪಗಾಗಿದ್ದಾರೆ ಎಂದು ದೂರು ಕೊಡುವವರು ಯಾರು? ನಾದಿನಿ ಮಾತ್ರ ಒಂದು ದಿನ ಬಂದಿದ್ದಾಗ, ಭಾವ, ಇದು ಯಾಕೋ ಮಂಜು ಮಂಜು ಎಂದಿದ್ದಳು. ಅಂಗಡಿಯವನು ಹಾಕಿಕೊಟ್ಟದ್ದನ್ನು ಹಾಗೇ ಬಳಸುವವರಿಗೆ ಕೆತ್ತಿದ ಚಿತ್ರದ ಬೆಲೆ ತಿಳಿಯುವುದಿಲ್ಲ ಎಂದು ಅವನು ಅವಳ ಬಾಯಿ ಮುಚ್ಚಿಸಿದ್ದ. ಹೆಂಡತಿಯೂ ಅವನ ಪರವಾಗಿಯೇ ನಕ್ಕಿದ್ದಳು.

ಚಿತ್ರಗಳನ್ನು ತೆಗೆಯಲು ಅವನು ಯಂತ್ರವನ್ನು ಒಂದು ಪೆನ್‌ಡ್ರೈವಿನಿಂದ ಎಬ್ಬಿಸಿದ. ಅದರಲ್ಲಿದ್ದದ್ದು ಅದೇ ವ್ಯವಸ್ಥೆಯ ಬರಿಯ ಪ್ರತಿ, ಅವನ ಕೈ ಸೋಕದ್ದು, ಯಾರ ಅಂಕಿಯೂ ಇಲ್ಲದ್ದು, ಹುಟ್ಟಿದ ಕೂಸಿನಷ್ಟು ಏನೂ ತಿಳಿಯದ್ದು. ಅದು ಎದ್ದು, ಪರದೆಯನ್ನು ಏನೋ ಕೇಳಿ, ಪರದೆ ಏನೋ ಹೇಳಿ, ಒಂದು ಸಲ ಕಪ್ಪಾಗಿ ಮತ್ತೆ ಬೆಳಗಿತು. ಅವನು ಎಲ್ಲ ಕಡತಗಳೂ ಸರಿಯಾಗಿವೆಯೇ ನೋಡೋಣವೆಂದು ಕೈಗೆ ಸಿಕ್ಕಿದ ಒಂದು ಚಿತ್ರವನ್ನು ತೆರೆದ. ಯಾರೋ ಮುದುಕಿ, ಮರದ ಕುರ್ಚಿಯ ಮೇಲೆ ಕೂತವಳು. ಅವಳ ಮೇಲ್ದುಟಿಯ ಮೇಲೆ ಸಣ್ಣ ಕೂದಲುಗಳಿದ್ದವು. ಒಂದೊಂದೂ ಬೇರೆ ಬೇರೆ. ಅವನು ತಲೆಯನ್ನು ಹಿಂದಕ್ಕೆ ಎಳೆದುಕೊಂಡ, ಮತ್ತೆ ಮುಂದಕ್ಕೆ ತಂದ, ಅಂಗಿಯ ಚುಂಗಿನಿಂದ ಪರದೆ ಒರೆಸಿದ. ಒರೆಸುವಂಥದ್ದು ಏನೂ ಇರಲಿಲ್ಲ. ಕುರ್ಚಿಯ ತೋಳಿನ ಮೇಲಿನ ಬಿರುಕು, ಬೆರಳ ಗೆಣ್ಣಿನ ಸುಕ್ಕು, ಕಣ್ಣೊಳಗೆ ಕಿಟಕಿಯ ಬೆಳಕು ಚೌಕವಾಗಿ ಬಿದ್ದದ್ದು ಎಲ್ಲವೂ ಇದ್ದವು; ವರ್ಷವಿಡೀ ಆ ಗಾಜಿನ ಹಿಂದೆಯೇ ಇದ್ದವು. ಅಡುಗೆಮನೆಯಲ್ಲಿ ಹೆಂಡತಿ ಕುಕ್ಕರಿನ ಮುಚ್ಚಳ ತೊಳೆಯುತ್ತಿದ್ದಳು.

ಅರ್ಥವಾಗಲು ಹೊತ್ತು ಬೇಕಾಗಲಿಲ್ಲ, ನಂಬಲು ಬೇಕಾಯಿತು. ಪೆನ್‌ಡ್ರೈವ್ ಕಿತ್ತು ಹಳೆಯದನ್ನು ಎಬ್ಬಿಸಿದ. ಮುದುಕಿಯ ಮೀಸೆ ಮಾಯವಾಗಿ ತುಟಿಯ ಮೇಲೆ ಬೂದಿ ಬಳಿದ ಹಾಗಾಯಿತು. ಮತ್ತೆ ಪೆನ್‌ಡ್ರೈವಿನಿಂದ ಎಬ್ಬಿಸಿದ, ಮೀಸೆ ಬಂತು. ಮನುಷ್ಯ ತನ್ನ ಮೂರ್ಖತನವನ್ನು ಹೀಗೆ ಪ್ರಯೋಗ ಮಾಡಿ ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಆ ಚಿತ್ರವನ್ನು ಎದುರಿಗಿಟ್ಟುಕೊಂಡು ಅವನು ಮೊದಲು ಯೋಚಿಸಿದ್ದು, ನಾಚಿಕೆಯ ವಿಷಯ, ಹೆಂಡತಿಯ ಬಗ್ಗೆ ಅಲ್ಲ. ಇದನ್ನು ಯಾರು ಕಂಡುಹಿಡಿಯಬಲ್ಲರು ಎಂದು ಯೋಚಿಸಿದ. ನಾದಿನಿ ತನ್ನ ಲ್ಯಾಪ್‌ಟಾಪಿನಲ್ಲೇ ಕೆಲಸ ಮಾಡುತ್ತಾಳೆ. ಈ ಪರದೆ ನಾಳೆಯಿಂದ ಯಾರಿಗೂ ಬೇಡ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ; ಹೆಂಡತಿಗೂ ಕೆಲಸ ಬಿಟ್ಟದ್ದರಿಂದ ಬಿಡುವು ಸಿಕ್ಕಿ ಒಳ್ಳೆಯದೇ ಆಯಿತು, ಅವಳ ಬೆನ್ನುನೋವಿಗೂ ಇದು ಬೇಕಿತ್ತು. ಹೀಗೆ ಅವನು ಅವಳ ಬೆನ್ನಿನ ಬಗ್ಗೆ ಸಾಕಷ್ಟು ಕಾಳಜಿ ಮಾಡಿದ. ಆಮೇಲೆ ಕಣ್ಣಿನ ಡಾಕ್ಟರರ ಕತ್ತಲೆಕೋಣೆಯಲ್ಲಿ ಅವಳು ಕೊನೆಯ ಸಾಲು ಓದಿ ಮುಗಿಸಿ, ಸರಿಯಾಗಿ ಹೇಳಿದೆನೇ ಎಂಬಂತೆ ತನ್ನ ಕಡೆ ತಿರುಗಿ ನೋಡಿದ್ದು ನೆನಪಾಗಿ, ಕುರ್ಚಿಯಲ್ಲಿ ಕೂರಲಾಗದೆ ಎದ್ದು ನಿಂತ. ತಾನು ಬರೆದ ಅಂಕಿಗಳ ಕಡತವನ್ನು ಹುಡುಕಿ ಅಳಿಸಿದ. ಅಳಿಸುವ ಮುನ್ನ ಒಂದು ಸಲ ಓದಿದ. ಲೆಕ್ಕ ತಪ್ಪಿರಲಿಲ್ಲ. ಜಗಲಿಗಳು, ಬಿಡುವು, ಎಲ್ಲವೂ ಕೊನೆಯ ಅಂಕಿಯವರೆಗೂ ಸರಿಯಾಗಿದ್ದವು.

ಯಂತ್ರ ಈಗ ತಾನಾಗಿ, ಅವನ ನೆರವಿಲ್ಲದೆ, ಪರದೆಯ ಮಾತು ಕೇಳಿ ಎದ್ದಿತು. ಅಷ್ಟರಲ್ಲಿ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, ಎಲ್ಲ ತುಂಬಿ ಆಯ್ತಾ ಎಂದು ಕೇಳುತ್ತ, ಅರ್ಧಕ್ಕೇ ನಿಂತಳು. ಬಗ್ಗಿ ನೋಡಿದಳು. ಕನ್ನಡಕ ತೆಗೆದು ನೋಡಿದಳು, ಹಾಕಿಕೊಂಡು ನೋಡಿದಳು. ಅವಳ ಮುಖದಲ್ಲಿ ಎಷ್ಟೋ ದಿನದಿಂದ ಅವನು ನೋಡದಿದ್ದ ಒಂದು ಕಳೆ ಬಂತು. ಮುದುಕಿಯ ಮೀಸೆಯ ಮೇಲೆ ಬೆರಳಿಟ್ಟು ನಕ್ಕುಬಿಟ್ಟಳು. ಕಾಣ್ತಿದೆ ಎಂದಳು. ಅವನು ಬಾಯಿ ತೆರೆದ. ಹೇಳುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವಳೇ ಮುಂದುವರಿಸಿದಳು:

"ಹೊಂದಿಕೊಳ್ಳೋಕೆ ಸ್ವಲ್ಪ ಕಾಲ ಬೇಕು ಅಂತ ಡಾಕ್ಟ್ರು ಹೇಳಿದ್ರಲ್ಲ. ಇವತ್ತು ಹೊಂದಿಕೊಳ್ತು ನೋಡಿ, ಕಣ್ಣು."

ಅವನು ತಲೆಯಾಡಿಸಿದ. ಹೌದು ಎಂದು ಬಾಯಿಬಿಟ್ಟು ಹೇಳಲಿಲ್ಲ. ಸುಳ್ಳು ಹೇಳಲಿಲ್ಲವೆಂದು ಮುಂದೆಂದಾದರೂ ವಾದಿಸಲು ಅಷ್ಟು ಸಾಕು. ಅವಳ ಸಂತೋಷದಲ್ಲಿ ಎಲ್ಲವೂ ತಾನಾಗಿ ನೆಟ್ಟಗಾಗುವಂತೆ ಕಂಡಿತು. ಕಣ್ಣು ಸರಿಹೋಯಿತೆಂದರೆ ಕೆಲಸ ಬಿಡುವುದಿಲ್ಲ, ನಾದಿನಿ ಊಟ ಮಾಡಿಕೊಂಡು ಲ್ಯಾಪ್‌ಟಾಪ್ ಸಮೇತ ಮನೆಗೆ ಹೋಗುತ್ತಾಳೆ, ಡಾಕ್ಟರರಿಗೆ ಒಳ್ಳೆಯ ಹೆಸರು ಬರುತ್ತದೆ. ಇಷ್ಟೊಂದು ಜನಕ್ಕೆ ಉಪಕಾರ ಮಾಡುವ ಮೌನವನ್ನು ಮುರಿಯುವುದು ಸ್ವಾರ್ಥವಾಗುತ್ತದೆ ಎಂದೂ ಅವನಿಗೆ ಅನ್ನಿಸಿತು. ಅವಳು ಅವನನ್ನು ಕುರ್ಚಿಯಿಂದ ದೂರ ಸರಿಸಿ ತಾನೇ ಕೂತಳು. ಅವನು ಅವಳ ಬೆನ್ನ ಹಿಂದೆ ನಿಂತು, ಸತ್ಕಾರ್ಯ ಮಾಡಿದವನ ಹಾಗೆ ಕೈ ಕಟ್ಟಿಕೊಂಡ.

ಬಾಗಿಲು ಸದ್ದಾಯಿತು, ನಾದಿನಿ ಬಂದಳು. ಚೀಲ ಕೆಳಗಿಡುತ್ತಲೇ ಪರದೆಯ ಕಡೆ ನೋಡಿ, ಓ, ಇವತ್ತು ನಮ್ಮನೇಲಿ ಕಾಣೋ ಹಾಗೇ ಕಾಣ್ತಿದೆ, ಹೊಸದು ತಂದ್ರಾ ಭಾವ ಎಂದು ಕೇಳಿದಳು. ಅವನು ಕೇಳಿಸದವನಂತೆ ತಂತಿ ಸುತ್ತತೊಡಗಿದ. ಹೆಂಡತಿಗೂ ಅದು ಕೇಳಿಸಿರಲಿಲ್ಲ, ನಿಜವಾಗಿಯೇ. ಅವಳು ಹಿಂದಿನ ತಿಂಗಳುಗಳ ಚಿತ್ರಗಳನ್ನು, ತಾನು ಶುದ್ಧ ಮಾಡಿ ಕಳಿಸಿದ್ದನ್ನು, ಒಂದೊಂದಾಗಿ ತೆರೆಯುತ್ತಿದ್ದಳು. ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ. ಒಬ್ಬ ಮದುವೆ ಗಂಡಿನ ಹುಬ್ಬು ಅರ್ಧಕ್ಕೇ ನಿಂತಿತ್ತು. ಒಂದು ಮಗುವಿನ ಕೆನ್ನೆಯ ಗುಳಿಯನ್ನು ಗೀರೆಂದು ತಿಳಿದು ತುಂಬಿಬಿಟ್ಟಿದ್ದಳು. ಯಾರೋ ತಾಯಿಯ ಕಣ್ಣಿನ ಕೆಳಗೆ ಬೂಷ್ಟು ಹಾಗೇ ಉಳಿದಿತ್ತು, ಕಣ್ಣಿನ ರೆಪ್ಪೆ ಹೋಗಿತ್ತು. ಮುಖಗಳೆಲ್ಲ ಸೋಪಿನಲ್ಲಿ ಉಜ್ಜಿ ಉಜ್ಜಿ ಸವೆದಂತಿದ್ದವು. ಇವೆಲ್ಲ ಈಗ ಯಾರ ಯಾರದೋ ಮನೆಯ ಗೋಡೆಯ ಮೇಲೆ ಗಾಜಿನೊಳಗೆ ನೇತಾಡುತ್ತಿದ್ದವು. ಆ ಬಸ್ ಚಾಲಕ ಮಾತ್ರ ತಿರುಗಿ ತಂದಿದ್ದ. ಉಳಿದವರು ತಮ್ಮವರ ಮುಖ ಹೀಗೇ ಇತ್ತೇನೋ ಎಂದು ಒಪ್ಪಿಕೊಂಡಿದ್ದರು. ಅವಳು ಮೌಸಿನಿಂದ ಕೈ ತೆಗೆದು, ಕಣ್ಣೇನೋ ಸರಿಹೋಯಿತು, ಆದರೂ ಇದನ್ನೆಲ್ಲ ನೀನೇ ತೆಗೆದುಕೊಂಡು ಹೋಗು ಎಂದು ತಂಗಿಗೆ ಹೇಳಿದಳು.

ಕಣ್ಣು ಸರಿಹೋದ ಮೇಲೂ ಕೆಲಸ ಬಿಡುವುದೇಕೆ ಎಂದು ತಂಗಿ ಕೇಳಿದ್ದಕ್ಕೆ ಅವಳು ತಿರುಗದೆಯೇ ಉತ್ತರ ಕೊಟ್ಟಳು. "ಇಷ್ಟು ಕೆಟ್ಟಿದ್ರೂ ನಂಗೆ ಗೊತ್ತೇ ಆಗ್ಲಿಲ್ಲ ಕಣೇ. ಚೆನ್ನಾಗಿದೆ ಅಂತಲೇ ಕಳಿಸ್ತಾ ಇದ್ದೆ. ನಾಳೆ ಮತ್ತೆ ಹೀಗಾದ್ರೆ, ಆಗಲೂ ಗೊತ್ತಾಗಲ್ಲ. ಬೇಡ. ನೀನೇ ಇಟ್ಕೊ." ದನಿ ಬೆಳಿಗ್ಗೆಯಂತೆ ಹಗುರವಾಗಿರಲಿಲ್ಲ. ನಾದಿನಿ ಅಕ್ಕನ ಹೆಗಲ ಮೇಲೆ ಕೈಯಿಟ್ಟಳು. ಬೆಳಿಗ್ಗೆ ಅವಳು ಕೆಲಸವನ್ನು ಬಿಟ್ಟುಕೊಡಲು ಹೊರಟಿದ್ದಳು, ಅಷ್ಟೇ. ಅವನ ಉಪಕಾರದ ಮೌನ ಈಗ ಅವಳ ಹಿಂದಿನ ವರ್ಷಗಳನ್ನೂ ಕಿತ್ತುಕೊಳ್ಳುತ್ತಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಅವಳು ಆ ಕುರ್ಚಿಯಿಂದ ಎದ್ದು, ಇನ್ನೆಂದೂ ತನ್ನ ಕಣ್ಣನ್ನು ತಾನು ನಂಬದವಳಾಗಿ, ಅವರಿಬ್ಬರಿಗೂ ಊಟ ಬಡಿಸುತ್ತಾಳೆ. ಬಡಿಸುವಾಗ, ಉಪ್ಪು ಸರಿಯಿದೆಯಾ ಎಂದು ಕೇಳುತ್ತಾಳೆ. ಆ ಪ್ರಶ್ನೆಯನ್ನು ಕಲ್ಪಿಸಿಕೊಂಡೇ ಅವನು ಮಾತಾಡಿದ.

"ನಿನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಪರದೆನ ನಾನು ತಪ್ಪಾಗಿ ಹೊಂದಿಸಿದ್ದೆ. ಇವತ್ತು ಬೆಳಿಗ್ಗೆ ಸರಿಮಾಡಿದೆ."

ಅವಳು ಕುರ್ಚಿ ತಿರುಗಿಸಿ ಅವನನ್ನು ನೋಡಿದಳು. ಬಯ್ಯುತ್ತಾಳೆ ಎಂದು ಅವನು ಕಾದ. ಬಯ್ದರೆ ಎಪ್ಪತ್ತೈದರ ಕತೆ ಹೇಳಬಹುದು, ಅಧಿಕಾರಿಯ ತಲೆನೋವಿನಿಂದ ಶುರುಮಾಡಬಹುದು, ಲೆಕ್ಕ ಸರಿಯೇ ಇತ್ತು ಎಂಬಲ್ಲಿಗೆ ಮುಗಿಸಬಹುದು ಎಂದು ಮಾತುಗಳನ್ನು ಜೋಡಿಸಿಯೂ ಇಟ್ಟುಕೊಂಡ. ಅವಳು ಕೇಳಿದ್ದು ಒಂದೇ ಮಾತು, ಯಾವಾಗಿನಿಂದ ಎಂದು. ಇದನ್ನು ತಂದ ದಿನದಿಂದ ಎಂದು ಅವನು ಹೇಳಿದ. ಅವಳು ಬೆರಳು ಮಡಿಚಿ ತಿಂಗಳುಗಳನ್ನು ಎಣಿಸಿದಳು. ನಾದಿನಿ ಅಕ್ಕನ ಹೆಗಲಿನಿಂದ ಕೈ ತೆಗೆದು ಬಾಗಿಲ ಬಳಿ ಹೋಗಿ ನಿಂತಳು. ಹೆಂಡತಿ ಫೋನು ತೆಗೆದು ನಂಬರ್ ಒತ್ತಿ, ಅವನ ಕೈಗೆ ಕೊಟ್ಟಳು. "ಸ್ಟುಡಿಯೋ. ನಂಗೆ ಹೇಳಿದ್ದನ್ನೇ ಅವ್ರಿಗೂ ಹೇಳಿ" ಎಂದಳು. ಮತ್ತೆ ಪರದೆಯ ಕಡೆ ತಿರುಗಿದಳು.

ಸ್ಟುಡಿಯೋದವನನ್ನು ಅವನು ಎಂದೂ ಲೆಕ್ಕಕ್ಕೆ ತೆಗೆದುಕೊಂಡವನಲ್ಲ. ಪೆಟ್ಟಿಗೆ ಬಿಚ್ಚಿ, ಪ್ಲಗ್ಗು ಚುಚ್ಚಿ, ಗುಂಡಿ ಒತ್ತಿ ಕೆಲಸಕ್ಕೆ ಕೂರುವ ಜಾತಿ. ಆ ಮನುಷ್ಯ ಈಗ ಫೋನಿನ ಆ ಕಡೆಯಿಂದ, ಹೇಳಿ ಸಾರ್ ಎಂದ. ಇವನು ಗಂಟಲು ಸರಿಮಾಡಿಕೊಂಡು, ಹಳೆಯ ಕೊಳವೆಯ ಪರದೆಗಳಲ್ಲಿ ಒಂದು ಕಿರಣ ಇರುತ್ತಿತ್ತು ಎಂದು ಶುರುಮಾಡಿದ. ಮುಂಜಗಲಿಯವರೆಗೆ ಬಂದಿದ್ದ. ಆ ಕಡೆಯವನು ನಡುವೆಯೇ ತಡೆದು, ಅಂಗಡಿಯಲ್ಲಿ ಜನ ಇದ್ದಾರೆ, ಅರ್ಥವಾಗೋ ಹಾಗೆ ಒಂದೇ ಮಾತಲ್ಲಿ ಹೇಳಿಬಿಡಿ ಎಂದ. ಇವನು ಹೆಂಡತಿಯ ಬೆನ್ನು ನೋಡಿದ. ಅದು ಅಲುಗದೆ ಕೇಳಿಸಿಕೊಳ್ಳುತ್ತಿತ್ತು. ಅವಳ ಕಣ್ಣು ಮೊದಲಿನಿಂದಲೂ ಸರಿಯಾಗಿತ್ತು, ಪರದೆ ಕೆಡಿಸಿದ್ದು ನಾನು ಎಂದ. ಹೇಳಿದ ಮೇಲೆ ಅದು ನಿಜಕ್ಕೂ ಒಂದೇ ಮಾತಿನಲ್ಲಿ ಮುಗಿಯುವ ವಿಷಯವಾಗಿತ್ತೆಂದು ಅವನಿಗೇ ಆಶ್ಚರ್ಯವಾಯಿತು.

ಆ ಕಡೆಯವನು ಅಂಗಡಿಯ ಗದ್ದಲದ ನಡುವೆ ಯಾರಿಗೋ ಒಂದು ನಿಮಿಷ ಎಂದ.

"ನಾನು ಅವತ್ತೇ ಕೇಳಿದ್ದೆ ಸಾರ್" ಎಂದ ಸ್ಟುಡಿಯೋದವನು. "ಆ ಅಜ್ಜಿ ಫೋಟೋ ವಾಪಸ್ ಬಂತಲ್ಲ, ಅವತ್ತು. ಪರದೆಗೇ ಏನಾದ್ರೂ ಆಗಿರಬಹುದು, ಯಾರಿಗಾದ್ರೂ ತೋರಿಸಿ ಅಂದೆ. ಅದಕ್ಕೆ ಅಮ್ಮನವರು, ಅದನ್ನ ನಮ್ಮನೆಯವರು ಕೂತು ಲೆಕ್ಕ ಹಾಕಿ ಹೊಂದಿಸಿದ್ದಾರೆ, ಅವರ ಕೈಯಲ್ಲಿ ತಪ್ಪಾಗಲ್ಲ, ಕೆಟ್ಟಿರೋದು ನನ್ನ ಕಣ್ಣೇ ಅಂದ್ರು. ಅಷ್ಟು ಖಂಡಿತವಾಗಿ ಹೇಳಿದ್ಮೇಲೆ ನಾನು ಇನ್ನೇನು ಮಾತಾಡ್ಲಿ?"

ನಾಳೆಯಿಂದ ಚಿತ್ರಗಳನ್ನು ಮೊದಲಿನ ಹಾಗೆ ಅಮ್ಮನವರಿಗೇ ಕಳಿಸುತ್ತೇನೆ, ಕೆಟ್ಟವನ್ನೂ ಒಂದೊಂದಾಗಿ ತಿದ್ದಿಸೋಣ, ಅವರಿಗೆ ಹೇಳಿಬಿಡಿ ಎಂದು ಸ್ಟುಡಿಯೋದವನು ಫೋನು ಇಟ್ಟ. ಗದ್ದಲ ನಿಂತುಹೋಯಿತು. ಹೆಂಡತಿ ಮೇಜಿಗೆ ಮುಖ ಕೊಟ್ಟು ಕೂತೇ ಇದ್ದಳು, ಏನಂದರು ಎಂದು ಕೇಳಲಿಲ್ಲ, ಕಾಯುತ್ತಿದ್ದಳು. ನಾದಿನಿ ಬಾಗಿಲ ಬಳಿಯಿಂದ ನೋಡುತ್ತಿದ್ದಳು. ಅವನು ಸತ್ತ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು ಹೂಂ ಎಂದ, ಸ್ವಲ್ಪ ತಡೆದು ಮತ್ತೊಮ್ಮೆ ಹೂಂ ಎಂದ. ಅದನ್ನು ಕೆಳಗಿಳಿಸಿದರೆ ಅವಳ ಮುಖ ನೋಡಬೇಕಾಗಿತ್ತು.